ಹಿತುಕಿದ ಬೇಳೆಯಂಥ ಪಚ್ಚೆ

ಕಲ್ಲು ಎಂದರೆ ದುಂಡಗಿರಬೇಕು, ಇಲ್ಲವೇ ಮೊಟ್ಟೆಯಾಕಾರದಲ್ಲಿರಬೇಕು ಎಂದು ಒಡವೆಯ ಕಲ್ಲು ಉಜ್ಜುವ ಕಸುಬಿನಲ್ಲಿ ಇಪ್ಪತ್ತೆರಡು ವರ್ಷ ಹಟ ಹಿಡಿದವಳು ನಾನು. ನಕ್ಷತ್ರ, ಎಲೆ ಎಂದು ಕೇಳಿಕೊಂಡು ಬಂದವರನ್ನು ಚಾಮರಾಜಪೇಟೆಯ ನಮ್ಮ ಮನೆಯ ಜಗಲಿಯಿಂದಲೇ ಸಾಗಹಾಕುತ್ತಿದ್ದೆ. "ಗಿರಿಜಾಂಬಂದು ಕೈ ಚುರುಕು, ಬಾಯಿ ಇನ್ನೂ ಚುರುಕು" ಎಂದು ಚಿಕ್ಕಪೇಟೆಯ ಅಕ್ಕಸಾಲಿಗರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ.

ತೊಂಬತ್ತೆಂಟರ ಸಂಕ್ರಾಂತಿಗೆ ಮುಂಚೆ, ಬಸವನಗುಡಿಯ ನಿವೃತ್ತ ಟೀಚರ್ ಗಂಗರತ್ನಮ್ಮ ಅಂಚು ಮುಕ್ಕಾದ ಒಂದು ಪಚ್ಚೆ ತಂದರು.

"ನಮ್ಮಮ್ಮಂದು ಅಂತ ಉಳಿದಿರೋದು ಇದೊಂದೇ ರೀ. ದುಂಡಗೆ ಮಾಡ್ಕೊಡಿ, ಉಂಗುರಕ್ಕೆ ಹಾಕಿಸ್ತೀನಿ."

"ಒಂದು ಚೂರೂ ಹಾಳಾಗಲ್ಲ, ಹೋಗ್ಬನ್ನಿ" ಎಂದೆ, ಜಂಬದಿಂದ.

ಉಜ್ಜುವ ಮುಂಚೆ ಕಲ್ಲನ್ನು ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಬೇಕು. ಪಚ್ಚೆಗೆ ಬಿಸಿ ಆಗಿಬರುವುದಿಲ್ಲ. ಅರಗು ಮೆತ್ತಗಾದೊಡನೆ ದೀಪದಿಂದ ಇಳಿಸಿಬಿಡಬೇಕು. ಅವತ್ತು ಪಕ್ಕದಲ್ಲಿ ಒಂದು ಬೋಗುಣಿ ನೆನೆಸಿದ ಅವರೆಕಾಳಿತ್ತು. ಅರಗು ಕಾಯುವಷ್ಟರಲ್ಲಿ ನಾಲ್ಕು ಹಿಡಿ ಹಿತುಕಿ ಸಿಪ್ಪೆ ಬಿಡಿಸೋಣ ಎಂದು ಕೂತೆ. ಹಿತುಕಲು ಕೂತ ಕೈ ನಿಲ್ಲುವುದುಂಟೆ? ಅರಗು ಕುದಿಯುತ್ತಿದ್ದುದನ್ನು ನೋಡದೆ ಕಲ್ಲನ್ನು ಒತ್ತಿದೆ. ಟಿಕ್ ಎಂದಿತು. ಒಂದು ಪಕ್ಕ ಹೋಳಾಗಿ ಬಿತ್ತು.

ಉಳಿದದ್ದನ್ನು ದುಂಡಗೆ ಮಾಡಿದರೆ ಮೆಣಸಿನಕಾಳಿನಷ್ಟೂ ಉಳಿಯುತ್ತಿರಲಿಲ್ಲ. ನನ್ನನ್ನು ನಾನೇ ಬೈದುಕೊಳ್ಳುತ್ತ, ಮೂಗು ಒರೆಸಿಕೊಳ್ಳುತ್ತ ಅದನ್ನು ತೊಳೆದು ತಟ್ಟೆಯಲ್ಲಿಟ್ಟೆ. ತಟ್ಟೆಯಲ್ಲಿ ಹಿತುಕಿದ ಬೇಳೆಗಳಿದ್ದವು. ಕಲ್ಲಿಗೂ ಅದೇ ಉಬ್ಬಿದ ಬೆನ್ನು, ಅದೇ ತಗ್ಗಿದ ಹೊಟ್ಟೆ. ಅಳತೆಯಲ್ಲಿ ಚಿಕ್ಕದು, ಅಷ್ಟೇ.

ಮೂರು ದಿನ ಉಜ್ಜಿದೆ, ಕಲ್ಲಿನ ಮೇಲೆ ಅಳತೆಯ ಗೆರೆ ಹಾಕದೆ, ಬೇಳೆ ನೋಡಿಕೊಂಡೇ. ಮೇಲೆ ನುಣುಪು, ಅಡಿಯಲ್ಲಿ ಬೆಳಕು ಹಿಡಿಯಲು ಸಣ್ಣ ಸಣ್ಣ ಚಪ್ಪಟೆ ಮುಖಗಳು. ಸುಳ್ಳೇಕೆ ಹೇಳಲಿ, ಯಾವ ದುಂಡು ಕಲ್ಲೂ ನನಗೆ ಇಷ್ಟು ಖುಷಿ ಕೊಟ್ಟಿರಲಿಲ್ಲ. ಆದರೆ ಕಲ್ಲು ನನ್ನದಲ್ಲವಲ್ಲ.

ಗಂಗರತ್ನಮ್ಮ ಬಂದಾಗ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ತಲೆ ತಗ್ಗಿಸಿ ಕಲ್ಲನ್ನು ಮುಂದಿಟ್ಟೆ. ಅವರು ಅದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಹಿತುಕುವ ಹಾಗೆ ಮೆಲ್ಲಗೆ ಒತ್ತಿದರು.

"ಅಮ್ಮ ಈ ಕಲ್ಲು ಹಾಕ್ಕೊಂಡಿದ್ದು ನಾನು ನೋಡೇ ಇಲ್ಲ. ಯಾವಾಗ್ಲೂ ಡಬ್ಬೀಲೇ ಇರ್ತಿತ್ತು. ಅವ್ರು ಅವರೆಕಾಳು ಹಿತುಕೋದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ" ಎಂದು ಅಳುತ್ತಲೇ ನಕ್ಕರು. ನನಗೆ ಹೋದ ಜೀವ ಬಂದಂತಾಯಿತು.

"ಇವತ್ತೂ ನೆನೆಸಿದೀರಲ್ಲ! ಆ ಬೋಗುಣಿ ಇತ್ಲಾಗೆ ತನ್ನಿ, ನಾನೂ ಹಿತುಕ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಕೂತೇಬಿಟ್ಟರು.

ನಾನು ಮೊದಲು ಅರಗಿನ ದೀಪ ಆರಿಸಿ, ಆಮೇಲೆ ಬೋಗುಣಿಯನ್ನು ನಮ್ಮಿಬ್ಬರ ನಡುವೆ ಎಳೆದುಕೊಂಡೆ.