ಸೊಟ್ಟ ಕತ್ತಿನ ಹರಕೆ

ನಮ್ಮತ್ತೆ ಮುದ್ದಮ್ಮನವರಿಗೆ ಹರಕೆ ಹೊರುವ ಚಟ. ಬಸ್ಸು ಹತ್ತು ನಿಮಿಷ ತಡವಾದರೂ ಊರ ಮಾರಮ್ಮನಿಗೆ ಒಂದು ತೆಂಗಿನಕಾಯಿ ಹರಕೆ ಹೊತ್ತುಬಿಡುತ್ತಾರೆ. ನನಗೆ ಇದೆಲ್ಲ ಕಂಡರೆ ಮೈ ಉರಿ. ಆದರೂ ಸೊಸೆ ತಾನೆ, ಕಾಯಿ ಸುಲಿದು ಕೊಡುವವಳು ನಾನೇ.

ಹೆಮ್ಮರಗಾಲದ ನಮ್ಮ ಹಿತ್ತಲಲ್ಲಿ ಈ ಸಲ ಕೋಳಿ ಹನ್ನೊಂದು ಮರಿ ಮಾಡಿತು. ಹತ್ತು ಸರಿಯಾಗಿದ್ದವು. ಹನ್ನೊಂದನೆಯದರ ಕತ್ತು ಹಿಂದಕ್ಕೆ ತಿರುಚಿಕೊಂಡು ಮುಖ ಆಕಾಶ ನೋಡುತ್ತಿತ್ತು. ಮುಂದೆ ನಡೆಯಲು ಹೋದರೆ ಹಿಂದಕ್ಕೆ ಪಲ್ಟಿ ಹೊಡೆಯುತ್ತಿತ್ತು. ಕಾಳು ನೆಲದ ಮೇಲೆ, ಕೊಕ್ಕು ಮೋಡದ ಕಡೆಗೆ.

ನಂಜನಗೂಡಿಗೆ ಹೋಗಿ ಪಶುವೈದ್ಯರಿಗೆ ತೋರಿಸಿದೆ. "ವಿಟಮಿನ್ ಕಮ್ಮಿಯಾಗಿದೆ ಕಣಮ್ಮ. ಈ ಡ್ರಾಪ್ಸ್ ಹಾಕಿ, ತಲೆ ನೆಟ್ಟಗೆ ಹಿಡ್ಕೊಂಡು ತಿನ್ನಿಸಿ" ಎಂದರು. ದಿನಕ್ಕೆ ಆರು ಸಲ ಮಡಿಲಲ್ಲಿ ಕೂರಿಸಿಕೊಂಡು, ಎರಡು ಬೆರಳಲ್ಲಿ ತಲೆ ಹಿಡಿದು ನುಚ್ಚಿನ ಗಂಜಿ ತಿನ್ನಿಸಿದೆ. ಕಟ್ಟಿಕೊಂಡ ಗಂಡನಿಗೂ ನಾನು ಇಷ್ಟು ತಾಳ್ಮೆಯಿಂದ ಬಡಿಸಿದವಳಲ್ಲ. ಮರಿಯ ಮೇಲೆ ಪ್ರಾಣವನ್ನೇ ಇಟ್ಟುಕೊಂಡೆ.

ಹದಿನೈದನೇ ದಿನ ಕತ್ತು ಅರ್ಧ ಇಳಿಯಿತು. ಓಡಿಹೋಗಿ ಅತ್ತೆಗೆ ಹೇಳಿದೆ.

"ನಂಗೊತ್ತಿತ್ತು ಕಣಮ್ಮಿ" ಎಂದು ಅವರು ಕೈಮುಗಿದರು. "ಮೊದಲ್ನೇ ದಿನ್ವೇ ಅರಕೆ ಒತ್ಕಂಡಿದ್ದೆ. ಇದರ ಕತ್ತು ನೆಟ್ಟಗಾದ್ರೆ ಮಾರಮ್ಮಂಗೆ ಇದನ್ನೇ ಕುಯ್ಸ್ತೀನಿ ಅಂತ."

"ಕತ್ತು ಸರಿ ಮಾಡಾದು ಕುಯ್ಯಕ್ಕಾ ಅತ್ತೆ?"

"ಮತ್ತೆ? ಸೊಟ್ಟ ಕತ್ತಿಂದ್ನ ಅಮ್ಮ ಮುಟ್ಟಾಕಿಲ್ಲ. ಊನ ಇರಬಾರ್ದು."

ಅವತ್ತೇ ಡ್ರಾಪ್ಸ್ ನಿಲ್ಲಿಸಿದೆ. ತಿನ್ನಿಸುವಾಗ ತಲೆಯನ್ನು ಬೇಕಂತಲೇ ಸೊಟ್ಟಗೆ ಹಿಡಿದೆ. ಹಾಳಾದ್ದು, ಕೈಯಿಂದ ಬಿಡಿಸಿಕೊಂಡು ನೆಟ್ಟಗೆ ನೋಡುತ್ತಿತ್ತು. ಎರಡು ತಿಂಗಳಲ್ಲಿ ಕಂಬ ನೆಟ್ಟ ಹಾಗೆ ಕತ್ತು ನಿಲ್ಲಿಸಿಕೊಂಡು ಅತ್ತೆಯ ಹಿಂದೆಯೇ ಓಡಾಡತೊಡಗಿತು. ಅವರು ಸೊಪ್ಪು ಸೋಸಲು ಕೂತರೆ ತೊಡೆ ಹತ್ತುತ್ತಿತ್ತು. ಬೈಯುತ್ತಲೇ ಅತ್ತೆ ಅದಕ್ಕೆ ಎಲೆ ಹರಿದು ಕೊಡುತ್ತಿದ್ದರು.

ಒಂದು ಮಂಗಳವಾರ ಮಾರಮ್ಮನ ಪೂಜಾರಿ ಮಲ್ಲಯ್ಯ ಅಂಗಳಕ್ಕೆ ಬಂದರು. "ಯಾವಾಗ ಒಪ್ಪಿಸ್ತೀಯ ಮುದ್ದಮ್ಮ? ಕತ್ತು ನೆಟ್ಟಗಾಯ್ತಂತಲ್ಲ."

ಅತ್ತೆ ಎಂದೂ ಹರಕೆ ತಪ್ಪಿದವರಲ್ಲ. ಅಮ್ಮ ಮುನಿದರೆ ಮನೆ ಉಳಿಯುವುದಿಲ್ಲ ಎಂದು ನಂಬಿದವರು. ಅವರು ಮರಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಕತ್ತನ್ನೇ ಎಡಕ್ಕೆ ವಾಲಿಸಿದರು, ಕಿವಿ ಭುಜಕ್ಕೆ ತಾಗುವಷ್ಟು.

"ಎಲ್ಲಿ ನೆಟ್ಟಗದೆ ಮಲ್ಲಣ್ಣ? ನಂಗೆ ಸೊಟ್ಟಗೇ ಕಾಣ್ತದೆ."

ನಾನೂ ತಲೆ ವಾಲಿಸಿದೆ. "ಊಂ ಅತ್ತೆ, ಪೂರಾ ಸೊಟ್ಟ."

ಮಲ್ಲಯ್ಯ ಮರಿಯನ್ನು ನೋಡಿದರು, ನಮ್ಮಿಬ್ಬರನ್ನೂ ನೋಡಿದರು. ಅವರ ತಲೆಯೂ ಮೆಲ್ಲಗೆ ವಾಲಿತು.

"ಊನ ಅದೆ ಕಣವ್ವ" ಎಂದರು. "ಅಮ್ಮ ಒಪ್ಪಾಕಿಲ್ಲ."

ನನಗೆ ಖುಷಿಗೆ ಅಳು ಬಂದುಬಿಟ್ಟಿತು. ಪೂಜಾರಿ ಬೀದಿ ತಿರುಗಿದ ಮೇಲೂ ಅತ್ತೆ ಹಾಗೇ ನಿಂತಿದ್ದರು.

"ಅವ್ರು ಒಂಟೋದ್ರು ಅತ್ತೆ, ಕತ್ತೆತ್ತಿ."

"ಎತ್ತುದ್ರೆ ಅಮ್ಮಂಗೆ ಸುಳ್ಳೇಳ್ದಂಗಾಯ್ತದೆ ಕಣಮ್ಮಿ" ಎಂದರು ಅತ್ತೆ. "ಇದು ಬದ್ಕಿರೋಗಂಟ ಇಂಗೇ ಇರ್ತೀನಿ."