ಚಳಿಗೆ ನಡುಗುವ ಕಾರು

"ನಾ ಬತ್ತಿಲ್ಲೆ. ನೀವ್ ಎಂತ ಹೇಳ್ರೂ ಬತ್ತಿಲ್ಲೆ" ಎಂದು ಪ್ರಭಾವತಿ ಕಾರಿನಿಂದಿಳಿದು, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ನಡೆದಳು. ಅಂಗಳದಲ್ಲಿ ಕಾರು ನಿಂತಲ್ಲೇ ಗಡಗಡ ನಡುಗುತ್ತಿತ್ತು. ಸ್ಟೇರಿಂಗ್ ಹಿಡಿದು ಕೂತ ಅವಳ ಗಂಡ ಭೋಜರಾಜನ ಹಲ್ಲುಗಳೂ ಅದರ ಜೊತೆ ಕಟಕಟ ಎಂದವು. ಒಮ್ಮೆ ಕೆಮ್ಮಿ ಎಂಜಿನ್ ನಿಂತೇಹೋಯಿತು.

ವಾರಕ್ಕೆ ಮೂರು ಸಲ ಅವಳಿಗೆ ಕುಂದಾಪುರದಲ್ಲಿ ಡಯಾಲಿಸಿಸ್, ಬೆಳಗಿನ ಮೊದಲ ಪಾಳಿ. ಸಿದ್ದಾಪುರದ ಈ ಮೂಲೆಯಿಂದ ಮೊದಲ ಬಸ್ಸು ಹಿಡಿದರೂ ಪಾಳಿ ತಪ್ಪುತ್ತದೆ, ತಪ್ಪಿದರೆ ಮಿಶಿನ್ ಬೇರೆಯವರ ಪಾಲು. ಹೋದ ವಾರ ಕಾರು ದಾರಿಯಲ್ಲಿ ಕೈಕೊಟ್ಟು ಹಾಗೇ ಆಗಿತ್ತು. ಮರುದಿನ ಮೈಯೆಲ್ಲ ಊದಿ, ದಡಕ್ಕೆ ಬಿದ್ದ ಮೀನಿನಂತೆ ಅವಳು ಬಾಯಿ ತೆರೆದು ಉಸಿರಿಗೆ ಒದ್ದಾಡಿದ್ದನ್ನು ಕಂಡ ಮೇಲೆ ಭೋಜರಾಜನಿಗೆ ನಿದ್ರೆ ಎಂಬುದಿಲ್ಲ. ಅವಳಿಗೋ, ಕಾರು ಹತ್ತಿ ಆ ನಡುಕಕ್ಕೆ ವಾಂತಿಯಾದರೆ ಬದುಕೇ ಸಾಕೆನಿಸುತ್ತಿತ್ತು.

ಕುಂದಾಪುರದ ಶೈಲೇಶನ ಗ್ಯಾರೇಜಿಗೆ ಒಯ್ದರೆ ಇದೇ ಕಾರು ಮಹಾ ಸಾಧು. ಘಟ್ಟದ ಬುಡದ ಚಳಿ ಕಡಲ ಬದಿಯಲ್ಲಿ ಎಲ್ಲಿಂದ ಬರಬೇಕು? ಅಲ್ಲಿ ಮುಟ್ಟುವಷ್ಟರಲ್ಲಿ ಎಂಜಿನ್ ಕಾದಿರುತ್ತಿತ್ತು. ಶೈಲೇಶ ಪ್ಲಗ್ಗು ಬದಲಿಸಿದ, ಎಂಜಿನ್ ಅಡಿಯ ರಬ್ಬರು ಬದಲಿಸಿದ, ಕೊನೆಗೆ ಕೈ ಒರೆಸಿಕೊಂಡು, "ಗಾಡಿಗ್ ಎಂತ ಆಯ್ಲಿಲ್ಲ ಭೋಜಣ್ಣ, ಕಾಣಿ, ಒಂಚೂರೂ ನಡ್ಗದೆ ಎಷ್ಟ್ ಚಂದ ನಿಂತಿತ್" ಎಂದ. ಭೋಜರಾಜನಿಗೆ ಕಾರಿಗೆ ಒದೆಯುವಷ್ಟು ಸಿಟ್ಟು ಬಂದಿತ್ತು.

ಈಗ ಒಳಗೆ ಹೋದರೆ ಪ್ರಭಾವತಿ ಬಚ್ಚಲೊಲೆಯ ಮುಂದೆ ಕೂದಲು ಬಿಚ್ಚಿ ಕೂತಿದ್ದಳು.

"ಹೊರ್ಡ್ ಮಾರಾಯ್ತಿ, ಹೊತ್ತಾತ್."

"ನನ್ನತ್ರ ಆತಿಲ್ಲೆ. ಸಾಯುದಾರೆ ಇಲ್ಲೇ ಸಾಯ್ತೆ. ತಲಿಗ್ ಒಂಚೂರ್ ಎಣ್ಣಿ ಹಾಕಿ, ಕೈ ಎತ್ತುಕ್ ಆತಿಲ್ಲೆ."

ಸಾಯುವ ಮಾತಿನ ಬೆನ್ನಿಗೇ ಎಣ್ಣೆಯ ಮಾತು! ಗೂಡಿನಿಂದ ತೆಂಗಿನೆಣ್ಣೆಯ ಬಾಟಲಿ ತೆಗೆದು ಅಂಗೈಗೆ ಬಗ್ಗಿಸಿದ. ಒಂದು ಹನಿಯೂ ಬೀಳಲಿಲ್ಲ. ಒಳಗೆಲ್ಲ ಬೆಳ್ಳಗೆ ಗಟ್ಟಿಯಾಗಿತ್ತು.

"ಒಲಿ ಹತ್ರ ಇಡಿ, ಕರ್ಗತ್ತ್" ಎಂದಳು, ಚಳಿಗಾಲದಲ್ಲಿ ಎಲ್ಲ ಮನೆಯಲ್ಲೂ ಹೇಳುವಂತೆ.

ಭೋಜರಾಜ ಬಾಟಲಿ ಹಿಡಿದು ನಿಂತುಬಿಟ್ಟ. ಬಾಗಿಲ ತಿರುಗಣಿಯಿಂದ ಮಂಡಿನೋವಿನವರೆಗೆ ಎಲ್ಲಕ್ಕೂ ತೆಂಗಿನೆಣ್ಣೆಯೇ ಮದ್ದೆಂದು ನಂಬಿದ ಮನುಷ್ಯ. ಆಯುಧಪೂಜೆಗೆ ಕಾರಿಗೆ ಕುಂಕುಮವಿಟ್ಟಾಗ ತಣ್ಣಗಿನ ಎಂಜಿನ್ ಹೊತ್ತಿಕೊಳ್ಳಲೆಂದು ಗಾಳಿಗೆ ಅಡ್ಡ ಮುಚ್ಚುವ ಕಾರ್ಬುರೇಟರಿನ ಚೋಕ್ ತಿರುಗುವಲ್ಲಿಗೂ ಭಕ್ತಿಯಿಂದ ಎಣ್ಣೆ ಬಿಟ್ಟಿದ್ದ. ನಡುಕ ಶುರುವಾದ ಮೇಲಂತೂ ದಿನಾ ಸಂಜೆ ಇನ್ನಷ್ಟು ಬಿಟ್ಟಿದ್ದ.

ಬಾಟಲಿಯನ್ನು ಒಲೆಯ ಬದಿಗಿಟ್ಟು, ಹೆಗಲ ಮೇಲಿನ ಬೈರಾಸನ್ನು ಹಂಡೆಯ ಬಿಸಿನೀರಿಗೆ ಅದ್ದಿ ಹೊರಗೆ ಓಡಿದ.

"ಹ್ವಾಯ್, ಎಲ್ಲಿಗ್ ಓಡ್ತ್ರಿ?"

ಬಾನೆಟ್ ಎತ್ತಿದರೆ ಚೋಕಿನ ಸಂದಿನಲ್ಲಿ ಧೂಳು ಬೆರೆತ ಎಣ್ಣೆ ಬೆಣ್ಣೆಯಂತೆ ಕೂತಿತ್ತು. ಬೆರಳಲ್ಲಿ ದೂಡಿದರೂ ಚೋಕ್ ಅಲುಗಲೊಲ್ಲದು. ಎಣ್ಣೆ ಬಿಟ್ಟು ಬಿಟ್ಟು ತಾನೇ ಅವಳನ್ನು ಕೊಲ್ಲುತ್ತಿದ್ದೆನಲ್ಲ! ಬಿಸಿ ಬೈರಾಸು ಒತ್ತಿ ಒತ್ತಿ ಕರಗಿಸಿದ, ಒರೆಸಿದ. ಕೀಲಿ ತಿರುಗಿಸಿದ. ಎಂಜಿನ್ ಹೊತ್ತಿಕೊಂಡು, ನಡುಗದೆ ಓಡತೊಡಗಿತು.

ಬಚ್ಚಲಿಗೆ ಮರಳಿ, "ನಡ್ಗತಿಲ್ಲೆ ಪ್ರಭಾ. ಒಂದ್ಸಲ ಬಂದ್ ಕೂಕಂಡ್ ಕಾಣ್" ಎಂದ. ಅವಳು ಒಲೆಗೆ ಸೌದೆ ದೂಡಿದಳು. "ನಿನ್ನ ಬಿಟ್ರೆ ನಂಗ್ ಯಾರಿದ್ದೊ?" ಎನ್ನುವಾಗ ಅವನಿಗೆ ಅಳು ತಡೆಯಲಾಗಲಿಲ್ಲ.

ಪ್ರಭಾವತಿ ಅವನ ಮುಖವನ್ನೇ ನೋಡಿದಳು. "ಎಣ್ಣಿ ಕರ್ಗಿತ್. ಮೊದ್ಲ್ ತಲಿಗ್ ಹಾಕಿ."

ಹಾಕಿದ. ಬೆರಳಿಗೆ ಕೂದಲು ಹಿಡಿಹಿಡಿಯಾಗಿ ಬಂತು. ಅವಳಿಗೆ ಕಾಣದಂತೆ ಮುದ್ದೆ ಮಾಡಿ ಕಿಸೆಗೆ ತುರುಕಿದ. ಹೊರಗೆ ಎಂಜಿನ್ ಒಂದೇ ಹದದಲ್ಲಿ ಓಡುತ್ತಿತ್ತು. ಅವಳು ಅದಕ್ಕೆ ಕಿವಿಗೊಟ್ಟು ಕೂತಿದ್ದವಳು ಗಕ್ಕನೆ ತಿರುಗಿದಳು.

"ಹೊತ್ ಎಷ್ಟಾಯ್ತ್? ಮಿಶಿನ್ ಬೇರೆಯವ್ರಿಗ್ ಕೊಟ್ರೆ ಎಂತ ಮಾಡುದ್?"

ಮುಖ್ಯರಸ್ತೆ ಸೇರುವಲ್ಲಿ ಲಾರಿಗಾಗಿ ಭೋಜರಾಜ ಕಾರು ನಿಲ್ಲಿಸಿದ. ಪ್ರಭಾವತಿ ಎಂದಿನಂತೆ ಎರಡೂ ಕೈಯಿಂದ ಡ್ಯಾಶ್‌ಬೋರ್ಡನ್ನು ಅವುಚಿ ಹಿಡಿದಳು. ಕಾರು ನಡುಗಲಿಲ್ಲ. ಲಾರಿ ದಾಟಿಹೋಯಿತು. ಅವಳು ಮಾತ್ರ ಕೈ ತೆಗೆಯಲಿಲ್ಲ.