ಹಸಿರು ಏರಲಿಲ್ಲ

ಅಕ್ಕನನ್ನು ಈ ಆಸ್ಪತ್ರೆಗೇ ಬಾ ಎಂದು ಹಟ ಹಿಡಿದು ಕರೆತಂದವಳು ತಂಗಿ. ಅವಳಿಗೆ ಅಲ್ಲಿಯ ಆಪರೇಷನ್ ಥಿಯೇಟರಿನಲ್ಲಿ ಕ್ಯಾಮೆರಾ ನಡೆಸುವ ಕೆಲಸ. ಅಕ್ಕ ನಗರ ಬಸ್ಸಿನ ಡ್ರೈವರ್. ಹದಿನೇಳು ವರ್ಷ ಸ್ಟಿಯರಿಂಗ್ ಹಿಡಿದವಳು, ಹಾರ್ನಿಗಿಂತ ಬಾಯಿ ಜೋರು. ಕೊರಳಿನ ಥೈರಾಯ್ಡ್ ಗ್ರಂಥಿಯಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿದಾಗಲೂ, "ಡ್ಯೂಟಿ ಬದಲಾಯಿಸಿಕೊಳ್ಳೋಕೆ ಎಷ್ಟು ದಿನ ಮುಂಚೆ ಹೇಳ್ಬೇಕು?" ಎಂದೇ ಡಾಕ್ಟರನ್ನು ಕೇಳಿದ್ದಳು.

ಥೈರಾಯ್ಡಿನ ಬೆನ್ನಿಗೆ ಬೇಳೆಕಾಳಿನಷ್ಟು ಚಿಕ್ಕ ನಾಲ್ಕು ಗ್ರಂಥಿಗಳಿರುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯದಂತೆ ಕಾಯುವುದು ಅವೇ. ಕೂದಲೆಳೆಯಂಥ ನಾಳದಿಂದ ಅವಕ್ಕೆ ರಕ್ತ ಬರುತ್ತದೆ. ಅದು ತುಂಡಾದರೆ ಅವುಗಳ ಕಥೆ ಮುಗಿಯಿತು. ಕೈಯ ರಕ್ತನಾಳಕ್ಕೆ ಒಂದು ಬಣ್ಣ ಚುಚ್ಚಿ ಕ್ಯಾಮೆರಾ ಹಿಡಿದರೆ, ರಕ್ತ ಹರಿಯುವ ಕಡೆಯೆಲ್ಲ ಪರದೆಯ ಮೇಲೆ ಹಸಿರಾಗಿ ಬೆಳಗುತ್ತದೆ.

"ಕತ್ತರಿ ಹಾಕೋ ಮುಂಚೇನೇ ನಾಳ ಎಲ್ಲಿದೆ ಅಂತ ಕಾಣುತ್ತೆ ಅಕ್ಕ. ನಾನೇ ಇರ್ತೀನಲ್ಲ, ಏನೂ ಆಗಲ್ಲ."

"ಚಿಕ್ಕವಳಿದ್ದಾಗ ನನ್ನ ಡೈರಿ ಕದ್ದು ಓದ್ತಿದ್ದೆ. ಈಗ ಗಂಟಲೊಳಗೇ ಇಣುಕ್ತೀಯಾ?" ಎಂದು ಅಕ್ಕ ನಕ್ಕಿದ್ದಳು.

ಆಪರೇಷನ್ ದಿನ ಸರ್ಜನ್ ಮೇಡಂ, "ನೀನು ಹೊರಗಿರಮ್ಮ, ಸ್ವಂತ ಅಕ್ಕ" ಎಂದರು. ಆ ಕ್ಯಾಮೆರಾ ನಡೆಸಲು ಪಳಗಿದ ಕೈ ಬೇರೆ ಇರಲಿಲ್ಲ. ತಂಗಿ ಹೊರಗೆ ಹೋಗಲಿಲ್ಲ.

ಮೊದಲ ಸಲ ಬಣ್ಣ ಬಿಟ್ಟಾಗ ನಾಲ್ಕೂ ಗ್ರಂಥಿಗಳು ಬೆಳಗಿದವು. ಆದರೆ ಕ್ಯಾನ್ಸರ್ ಗಂಟುಗಳು ಮೂರರ ನಾಳಗಳನ್ನು ಸುತ್ತಿ ಅಂಟಿಕೊಂಡಿದ್ದವು. ಮೇಡಂ ಬಹಳ ಹೊತ್ತು ಬಿಡಿಸಲು ನೋಡಿದರು. ಕೊನೆಗೆ, "ನಾಳ ಉಳಿಸಿದ್ರೆ ಕ್ಯಾನ್ಸರ್ ಕೂಡ ಉಳಿಯುತ್ತೆ" ಎಂದು ಕತ್ತರಿಗೆ ಕೈ ಚಾಚಿದರು. ನಾಳ ಎಲ್ಲಿದೆಯೆಂದು ಪರದೆಯ ಮೇಲೆ ನಿಚ್ಚಳವಾಗಿ ಕಾಣುತ್ತಿತ್ತು. ಕಂಡು ಏನು ಬಂತು?

ಥೈರಾಯ್ಡ್ ತೆಗೆದ ಮೇಲೆ ಎರಡನೇ ಸಲ ಬಣ್ಣ ಹೋಯಿತು. ದೀಪ ಆರಿಸಿದರು. ಸುತ್ತಲಿನ ಸ್ನಾಯು ಹಸಿರಾಯಿತು. ಮೂರು ಗ್ರಂಥಿಗಳು ಕಪ್ಪಾಗಿಯೇ ಇದ್ದವು. ನಾಲ್ಕನೆಯದು ಇದ್ದೂ ಇಲ್ಲದಂತೆ ಮಸುಕಾಗಿತ್ತು.

"ಲೆನ್ಸ್ ಮೇಲೆ ಆವಿ ಕೂತಿರ್ಬಹುದು ಮೇಡಂ. ಒರೆಸಿ ಇನ್ನೊಂದ್ಸಲ ತೋರಿಸ್ತೀನಿ."

ಲೆನ್ಸ್ ಚೊಕ್ಕಟವಾಗಿದೆಯೆಂದು ಅವಳಿಗೆ ಗೊತ್ತಿತ್ತು. ಮೇಡಂಗೂ ಗೊತ್ತಿತ್ತು. ಆದರೂ ಅವರು ಒರೆಸಲು ಬಿಟ್ಟರು, ಕಾದರು. ಹಸಿರು ಏರಲಿಲ್ಲ.

ಮೇಡಂ ಸತ್ತುಹೋಗಲಿದ್ದ ಆ ಮೂರನ್ನು ಚೂರು ಚೂರು ಮಾಡಿ ಕೊರಳ ಸ್ನಾಯುವಿನೊಳಗೆ, ಅದರ ರಕ್ತ ಹೀರಿ ಬದುಕಲೆಂದು, ಹುದುಗಿಸಿದರು. "ನೋಡಿದ್ದಕ್ಕೆ ಇಷ್ಟಾದ್ರೂ ಮಾಡೋಕಾಯ್ತು. ಹತ್ತಿಕೊಂಡ್ರೆ ಒಂದೆರಡು ತಿಂಗಳಲ್ಲಿ ಹತ್ತಿಕೊಳ್ತವೆ" ಎಂದರು. ತಂಗಿ ಕ್ಯಾಮೆರಾ ಆರಿಸಿದಳು.

ಮಾರನೆಯ ಮಧ್ಯಾಹ್ನ ಅಕ್ಕ, "ತುಟಿ ಜುಮ್ ಅಂತಿದೆ ಕಣೇ" ಎಂದಳು. ಗಳಿಗೆಯಲ್ಲಿ ಎರಡೂ ಕೈ ಸೆಟೆದವು. ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತು, ಉಳಿದ ಬೆರಳುಗಳು ಕೊಕ್ಕಿನಂತೆ ಒಂದಕ್ಕೊಂದು ಅಂಟಿಕೊಂಡವು. ನರ್ಸ್ ಓಡಿಬಂದು ಕ್ಯಾಲ್ಸಿಯಂ ಡ್ರಿಪ್ ಹಾಕಿದಳು. ಅದು ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು.

"ಸ್ವಲ್ಪ ಜೋರಾಗಿ ಬಿಡಮ್ಮ" ಎಂದಳು ತಂಗಿ.

"ಹೃದಯಕ್ಕೆ ಹೊಡೆಯುತ್ತೆ. ನಿಮಗೆ ನಾನು ಹೇಳ್ಬೇಕಾ?" ಎಂದಳು ನರ್ಸ್, ಮೆಲ್ಲಗೆ.

ತಂಗಿ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ಹೋದಳು.

"ಎಳೀಬೇಡ, ನೋಯುತ್ತೆ. ಸುಮ್ನೆ ಹಿಡ್ಕೊ."

ಹಿಡಿದು ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅಕ್ಕ ಕೇಳಿದಳು: "ಹೀಗಾಗುತ್ತೆ ಅಂತ ನಿನಗೆ ಅಲ್ಲೇ ಗೊತ್ತಾಯ್ತಾ?"

"ಆಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ತಂಗಿ ತಲೆಯೆತ್ತಿ ಡ್ರಿಪ್ಪಿನ ತೊಟ್ಟು ಎಣಿಸತೊಡಗಿದಳು.

ಎರಡು ತಿಂಗಳು ಹೋಗಿ ಆರಾಯಿತು. ಪ್ರತಿ ಸಲ ರಕ್ತ ಪರೀಕ್ಷೆಯ ಚೀಟಿಯನ್ನು ತಂಗಿಯೇ ಮೊದಲು ಬಿಡಿಸಿ ನೋಡುತ್ತಿದ್ದಳು. ಕ್ಯಾನ್ಸರಿನ ಸುಳಿವಿರಲಿಲ್ಲ. ಹುದುಗಿಸಿದ್ದು ಮಾತ್ರ ಹತ್ತಿಕೊಂಡಿರಲಿಲ್ಲ, ಮಸುಕಾಗಿದ್ದ ನಾಲ್ಕನೆಯದೂ ಚೇತರಿಸಿಕೊಂಡಿರಲಿಲ್ಲ. ದಿನಕ್ಕೆ ನಾಲ್ಕು ಸಲ ಮಾತ್ರೆ. ಒಂದು ಹೊತ್ತು ತಪ್ಪಿದರೆ ಬೆರಳು ಸೆಟೆಯುತ್ತಿತ್ತು. ಅಂಥ ಕೈಗೆ ಜನ ತುಂಬಿದ ಬಸ್ ಕೊಡಲಾಗದು ಎಂದು ಡಿಪೋ ಡಾಕ್ಟರು ಬರೆದರು. ಅವರು ಬರೆದದ್ದರಲ್ಲಿ ತಪ್ಪೂ ಇರಲಿಲ್ಲ. ಅಕ್ಕನನ್ನು ಡಿಪೋದಲ್ಲಿ ಕಳೆದುಹೋದ ಸಾಮಾನಿನ ಕಿಟಕಿಗೆ ಹಾಕಿದರು.

"ಎಷ್ಟೊಂದು ಕೊಡೆ ಮರೆತು ಹೋಗ್ತಾರೆ ಗೊತ್ತಾ? ಒಬ್ಬ ಹಲ್ಲಿನ ಸೆಟ್ಟೇ ಬಿಟ್ಟುಹೋಗಿದ್ದಾನೆ" ಎಂದು ಅಕ್ಕ ಈಗಲೂ ನಗಿಸುತ್ತಾಳೆ.

ಒಂದು ಸಂಜೆ ಇಬ್ಬರೂ ಒಟ್ಟಿಗೆ ಮನೆಗೆ ಹೊರಟರು. ಬಸ್ಸಿನ ಮುಂದಿನ ಸೀಟು ಸಿಕ್ಕಿತು. ತಿರುವಿನಲ್ಲಿ ಎದುರಿಗೆ ಸೈಕಲ್ಲೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತುವ ಮೊದಲೇ ಅಕ್ಕನ ಬಲಗಾಲು ನೆಲವನ್ನು ಗಟ್ಟಿಯಾಗಿ ಒತ್ತಿತು. ತಂಗಿ ನೋಡಿದಳು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದಳು.